ಹಳೆಯ ವಿದ್ಯುತ್ ಗಾಲ್ಫ್ ಗಾಡಿಯನ್ನು ಮಿತವ್ಯಯದಿಂದ ಬೇಟೆಯ ಗಾಡಿಯನ್ನಾಗಿ ಮಾರ್ಪಡಿಸುವ ಕ್ರಮ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗಕ್ಕೆ ಸೇರಿದ ಜಾರ್ಜಿಯಾ, ಅಲಬಾಮ, ಮಿಸಿಸಿಪ್ಪಿ, ಟೆಕ್ಸಾಸ್ ಮೊದಲಾದ ಸೀಮೆಗಳಲ್ಲಿ ಹೊಲಗಳೂ ಕಾಡುಗಳೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಅಲ್ಲಿನ ಭೂಮಾಲೀಕರಿಗೆ ಜಿಂಕೆಯ ಬೇಟೆಯು ಕೇವಲ ವಿನೋದವಲ್ಲ. ಚಳಿಗಾಲಕ್ಕೆ ಮನೆಗೆ ಮಾಂಸವನ್ನು ಒದಗಿಸಿಕೊಳ್ಳುವ ಮಾರ್ಗವೂ ಪೈರನ್ನು ಕಾಪಾಡಿಕೊಳ್ಳುವ ಉಪಾಯವೂ ಆಗಿರುತ್ತದೆ. ಇದಲ್ಲದೆ ೧೫೩೯ರಲ್ಲಿ ಸ್ಪೇಯ್ನ್ ದೇಶದ ಹರ್ನಾಂಡೊ ಡಿ ಸೋಟೋ ಎಂಬಾತನು ಫ್ಲಾರಿಡಾ ತೀರದಲ್ಲಿ ಇಳಿದಾಗ ತನ್ನ ಸೈನ್ಯದ ಆಹಾರಕ್ಕಾಗಿ ಹಂದಿಗಳನ್ನು ಸಂಗಡ ತಂದನು. ಆತನೂ ಆತನ ತರುವಾಯ ಬಂದ ಇತರರೂ ತಂದ ಸಾಕುಹಂದಿಗಳಲ್ಲಿ ತಪ್ಪಿಸಿಕೊಂಡವುಗಳ ಸಂತತಿಯು ಕಾಡುಪಾಲಾಗಿ ವೃದ್ಧಿಹೊಂದಿ, ಈಗ ನೆಲಗಡಲೆ, ಮೆಕ್ಕೆಜೋಳ ಮುಂತಾದ ಬೆಳೆಗಳನ್ನು ರಾತ್ರಿಕಾಲದಲ್ಲಿ ಕೆದಕಿ ಹಾಳುಮಾಡುತ್ತಿರುವುದರಿಂದ, ಅವುಗಳನ್ನು ಕೊಲ್ಲುವುದು ಅಲ್ಲಿ ಬೇಸಾಯದ ಕೆಲಸಗಳಲ್ಲೊಂದಾಗಿದೆ.

ಇಂತಹ ಕೆಲಸಕ್ಕೆ ಗಾಲ್ಫ್ ಎಂಬ ಚೆಂಡಾಟದ ಮೈದಾನಗಳಲ್ಲಿ ಉಪಯೋಗಿಸಿ ಬಿಟ್ಟ ಹಳೆಯ ವಿದ್ಯುತ್ ಗಾಡಿಗಳನ್ನು ಅಲ್ಲಿನವರು ಕೊಂಡು ಮಾರ್ಪಡಿಸಿಕೊಳ್ಳುತ್ತಾರೆ. ಅದು ಸದ್ದಿಲ್ಲದೆ ಚಲಿಸುತ್ತದೆ. ಪೆಟ್ರೋಲಿನ ವಾಸನೆಯಿಲ್ಲದಿರುವುದರಿಂದ ಮೃಗಗಳು ಬೆದರುವುದಿಲ್ಲ. ಹೊಸ ಕಾಡುಗಾಡಿಯ ಬೆಲೆಯ ಸ್ವಲ್ಪ ಭಾಗಕ್ಕೇ ದೊರೆಯುತ್ತದೆ. ಆದರೆ ಅಲ್ಪ ಹಣವುಳ್ಳವರು ಇದರಲ್ಲಿ ನಷ್ಟಹೊಂದುವುದೂ ಸಾಮಾನ್ಯ. ಮೊದಲು ಬಣ್ಣ, ದೊಡ್ಡ ಚಕ್ರ, ದೀಪ ಇವುಗಳಿಗೆ ಹಣವನ್ನು ವೆಚ್ಚಮಾಡಿ, ಬ್ಯಾಟರಿಗೂ ಬ್ರೇಕಿಗೂ ಹಣ ಸಾಲದೆ ಹೋದವನ ಗಾಡಿಯು ಕತ್ತಲೆಯಲ್ಲಿ, ಹೇರಿದ ಜಿಂಕೆಯ ಸಮೇತ, ಕಾಡಿನ ನಡುವೆ ನಿಂತುಹೋಗುತ್ತದೆ. ಆದಕಾರಣ ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ವೆಚ್ಚಮಾಡತಕ್ಕದ್ದೆಂಬುದೇ ಈ ಕೆಲಸದ ಮರ್ಮವು.

ಕರ್ನಾಟಕದಲ್ಲಿ ಬೇಟೆಯು ಕಾನೂನಿನಿಂದ ನಿಷಿದ್ಧವಾಗಿದ್ದರೂ, ಹಳೆಯ ವಿದ್ಯುತ್ ಗಾಡಿಯನ್ನು ಪರೀಕ್ಷಿಸಿ ಕೊಳ್ಳುವ ಮತ್ತು ಬ್ಯಾಟರಿಯನ್ನು ಕಾಪಾಡುವ ವಿಧಾನಗಳು ಇಲ್ಲಿನ ಹಿಡುವಳಿದಾರರಿಗೂ ಉಪಯೋಗವಾಗತಕ್ಕವಾದ್ದರಿಂದ, ಅಮೆರಿಕಾದಲ್ಲಿ ನಡೆಯುವ ಕ್ರಮವನ್ನು ಇಲ್ಲಿ ವಿಶದಪಡಿಸಿದೆ. ಇಲ್ಲಿಗೆ ಅನ್ವಯಿಸುವ ಸಂಗತಿಗಳನ್ನು ಕೊನೆಯಲ್ಲಿ ಹೇಳಿದೆ.

ಗಾಡಿಯ ರಚನೆ

ಈ ಗಾಡಿಗಳ ತಯಾರಿಕೆಗೆ ಜಾರ್ಜಿಯಾ ಸೀಮೆಯ ಆಗಸ್ಟಾ ಪಟ್ಟಣವು ಪ್ರಸಿದ್ಧವಾದುದು. ಈಜಿಗೋ ಕಂಪೆನಿಯು ೧೯೫೪ರಲ್ಲಿ ಅಲ್ಲಿಯೇ ಸ್ಥಾಪಿತವಾಯಿತು. ಕ್ಲಬ್ ಕಾರ್ ಎಂಬ ಇನ್ನೊಂದು ಕಂಪೆನಿಯ ಕಾರ್ಖಾನೆಯೂ ಆ ಪ್ರಾಂತದಲ್ಲಿಯೇ ಇದೆ.

ಗಾಡಿಯ ಮುಖ್ಯ ಅಂಗಗಳು ಐದು: ಚೌಕಟ್ಟು, ಬ್ಯಾಟರಿಗಳ ಸಾಲು, ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುವ ನಿಯಂತ್ರಕ, ಮೋಟಾರು, ಮತ್ತು ಹಿಂದಿನ ಅಚ್ಚಿನ ಹಲ್ಲುಚಕ್ರಗಳು. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ೬ ವೋಲ್ಟಿನ ಆರು ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿ ೩೬ ವೋಲ್ಟನ್ನು ಪಡೆದಿರುತ್ತಾರೆ. ಈಚಿನವುಗಳಲ್ಲಿ ೮ ವೋಲ್ಟಿನ ಆರು ಅಥವಾ ೧೨ ವೋಲ್ಟಿನ ನಾಲ್ಕು ಬ್ಯಾಟರಿಗಳಿಂದ ೪೮ ವೋಲ್ಟು ದೊರೆಯುತ್ತದೆ. ಸಮನೆಲದ ಮೇಲೆ ಗಾಡಿಯ ವೇಗವು ಗಂಟೆಗೆ ಸುಮಾರು ೨೦ ಕಿಲೋಮೀಟರು. ಕಾಡಿನ ಕೆಲಸಕ್ಕೆ ಇಷ್ಟು ವೇಗ ಸಾಕು. ಬೇಕಾದುದು ಎಳೆಯುವ ಬಲವೇ ಹೊರತು ವೇಗವಲ್ಲ.

ಕೊಳ್ಳುವಾಗ ಪರೀಕ್ಷಿಸತಕ್ಕ ಅಂಶಗಳು

೧. ಚೌಕಟ್ಟು.—ಆಸನವನ್ನು ಎತ್ತಿ ಬ್ಯಾಟರಿಗಳ ಕೆಳಗಿನ ತಟ್ಟೆಯನ್ನು ಮೊದಲು ನೋಡತಕ್ಕದ್ದು. ಬ್ಯಾಟರಿಯಿಂದ ಉಕ್ಕಿದ ಗಂಧಕಾಮ್ಲವು ಉಕ್ಕನ್ನು ತಿಂದುಹಾಕುವುದರಿಂದ, ಉಕ್ಕಿನ ಚೌಕಟ್ಟುಳ್ಳ ಗಾಡಿಗಳಲ್ಲಿ ಈ ಭಾಗವೇ ಮೊದಲು ಕೆಡುತ್ತದೆ. ತಿರುಪುಳಿಯ ಮೊನೆಯಿಂದ ಚುಚ್ಚಿದರೆ ಪುಡಿಯಾಗಿ ಉದುರುವ ಚೌಕಟ್ಟನ್ನು ಎಷ್ಟು ಅಗ್ಗವಾದರೂ ಕೊಳ್ಳಕೂಡದು. ಕ್ಲಬ್ ಕಾರ್ ಕಂಪೆನಿಯ ಹಳೆಯ ಗಾಡಿಗಳಲ್ಲಿ ಚೌಕಟ್ಟು ಅಲ್ಯೂಮಿನಿಯಮ್ಮಿನದಾದ ಕಾರಣ ತುಕ್ಕಿನ ಭಯವು ಕಡಿಮೆ. ಬೇಟೆಗಾರರು ಅವುಗಳನ್ನು ಅರಸುವುದು ಇದರಿಂದಲೇ.

೨. ಬ್ಯಾಟರಿಯ ವಯಸ್ಸು.—ಅನೇಕ ತಯಾರಕರು ಸೀಸದ ಕಂಬದ ಮೇಲಾಗಲಿ ಮುಚ್ಚಳದ ಮೇಲಾಗಲಿ ಒಂದು ಅಕ್ಷರವನ್ನೂ ಒಂದು ಅಂಕಿಯನ್ನೂ ಒತ್ತಿರುತ್ತಾರೆ. ‘ಎ’ ಎಂದರೆ ಜನವರಿ, ‘ಬಿ’ ಎಂದರೆ ಫೆಬ್ರವರಿ, ಹೀಗೆ ‘ಎಲ್’ ಎಂದರೆ ಡಿಸೆಂಬರು. ಅಂಕಿಯು ವರ್ಷದ ಕೊನೆಯ ಅಂಕಿಯಾಗಿರುತ್ತದೆ. ಮಾರುವವನ ಮಾತಿಗಿಂತ ಈ ಗುರುತೇ ಹೆಚ್ಚು ನಂಬತಕ್ಕದ್ದು.

೩. ಮೋಟಾರಿನ ಜಾತಿ.—ಮೋಟಾರಿನ ನಾಲ್ಕು ಕಂಬಗಳಿಗೂ ದಪ್ಪ ತಂತಿಗಳು ಬಂದಿದ್ದರೆ ಅದು ಸರಣಿ ಮೋಟಾರು. ಎರಡಕ್ಕೆ ದಪ್ಪ, ಇನ್ನೆರಡಕ್ಕೆ ತೆಳ್ಳನೆಯ ತಂತಿಗಳಿದ್ದರೆ ಅದು ಪ್ರತ್ಯೇಕ ಕ್ಷೇತ್ರದ ಮೋಟಾರು. ಮೊದಲನೆಯದು ನಿಂತ ಭಾರವನ್ನು ಎಳೆದೆತ್ತುವುದರಲ್ಲಿ ಬಲವುಳ್ಳದ್ದು. ಎರಡನೆಯದು ಇಳಿಜಾರಿನಲ್ಲಿ ಗಾಡಿಯು ಮಿತಿಮೀರಿ ಓಡದಂತೆ ತಾನೇ ಹಿಡಿಯುವ ಗುಣವುಳ್ಳದ್ದು. ಎರಡರಿಂದಲೂ ಕೆಲಸ ನಡೆಯುತ್ತದೆ. ಆದರೆ ಒಂದರ ನಿಯಂತ್ರಕವು ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಜಾತಿಯನ್ನು ತಿಳಿಯದೆ ಯಾವ ಭಾಗವನ್ನೂ ಕೊಳ್ಳಬಾರದು.

೪. ವೇಗದ ಏರ್ಪಾಟು.—ಬಹಳ ಹಳೆಯ ಗಾಡಿಗಳಲ್ಲಿ ನಿಯಂತ್ರಕಕ್ಕೆ ಬದಲು ಲೋಹದ ಸುರುಳಿಗಳಿರುತ್ತವೆ. ಮೆಲ್ಲಗೆ ಹೋಗುವಾಗ ಇವು ವಿದ್ಯುತ್ತನ್ನು ಶಾಖವಾಗಿ ಪೋಲುಮಾಡುತ್ತವೆ. ಬೇಟೆಗಾರನು ಮೆಲ್ಲಗೆ ಹೋಗತಕ್ಕವನಾದ್ದರಿಂದ ಇಂತಹ ಗಾಡಿಯು ಅವನಿಗೆ ತಕ್ಕುದಲ್ಲ.

ಬ್ಯಾಟರಿಗಳ ಪರೀಕ್ಷೆ ಮತ್ತು ಪೋಷಣೆ

ಇಡೀ ಗಾಡಿಯ ಬೆಲೆಯಲ್ಲಿ ಅತಿ ಹೆಚ್ಚಿನ ಪಾಲು ಬ್ಯಾಟರಿಗಳದು. ಆರು ಹೊಸ ಬ್ಯಾಟರಿಗಳಿಗೆ ಅಮೆರಿಕಾದಲ್ಲಿಯೂ ದೊಡ್ಡ ಮೊತ್ತವೇ ಬೇಕಾಗುತ್ತದೆ. ಸತ್ತ ಬ್ಯಾಟರಿಗಳುಳ್ಳ ಗಾಡಿಯು ಅಗ್ಗವೆಂದು ಕಂಡರೂ ಈ ಮೊತ್ತವನ್ನು ಸೇರಿಸಿಯೇ ಅದರ ಬೆಲೆಯನ್ನು ಕಟ್ಟತಕ್ಕದ್ದು.

ಗಾಡಿಯನ್ನು ಪೂರ್ತಿ ಚಾರ್ಜು ಮಾಡಿ, ಕೆಲವು ಗಂಟೆಗಳ ಕಾಲ ಸುಮ್ಮನೆ ಬಿಟ್ಟು, ಅನಂತರ ವೋಲ್ಟ್ ಮೀಟರಿನಿಂದ ಅಳೆದರೆ, ೬ ವೋಲ್ಟಿನ ಒಳ್ಳೆಯ ಬ್ಯಾಟರಿಯು ಸುಮಾರು ೬.೩೭ ವೋಲ್ಟನ್ನು ತೋರಿಸುತ್ತದೆ. ಅರ್ಧ ಬರಿದಾದಾಗ ಸುಮಾರು ೬.೦೫. ಇದರ ಮೇರೆಗೆ ೩೬ ವೋಲ್ಟಿನ ಸಾಲು ತುಂಬಿದಾಗ ೩೮.೨, ಅರ್ಧವಾದಾಗ ೩೬.೩ ಇರುತ್ತದೆ. ೪೮ ವೋಲ್ಟಿನ ಸಾಲಿಗೆ ಈ ಅಂಕಿಗಳು ಕ್ರಮವಾಗಿ ೫೦.೯ ಮತ್ತು ೪೮.೪. ಇದನ್ನರಿಯದವರು ಮೀಟರು ೩೬ನ್ನು ತೋರಿಸಿದರೆ ೩೬ ವೋಲ್ಟಿನ ಗಾಡಿಯು ಭರ್ತಿಯಾಗಿದೆಯೆಂದು ಎಣಿಸುತ್ತಾರೆ. ವಾಸ್ತವವಾಗಿ ಅದು ಅರ್ಧಕ್ಕಿಂತಲೂ ಕಡಿಮೆಯಾಗಿರುತ್ತದೆ. ಆಮ್ಲದ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ನೋಡುವುದು ಇನ್ನೂ ಖಚಿತವಾದ ಮಾರ್ಗ: ತುಂಬಿದಾಗ ೧.೨೭೫ರ ಆಸುಪಾಸು, ಅರ್ಧವಾದಾಗ ೧.೧೭೦ರ ಆಸುಪಾಸು ಇರುತ್ತದೆ. ಒಂದು ಕೋಣೆಯು ಮಾತ್ರ ಉಳಿದವುಗಳಿಗಿಂತ ಬಹಳ ಕೆಳಗಿದ್ದರೆ ಆ ಬ್ಯಾಟರಿಯು ಕೆಟ್ಟಿತೆಂದು ತಿಳಿಯಬೇಕು.

ನಿಂತ ಗಾಡಿಯ ಅಳತೆಯಷ್ಟೇ ಸಾಲದು. ಇಬ್ಬರನ್ನು ಕೂರಿಸಿ ಏರಿನಲ್ಲಿ ನಡೆಸುತ್ತ, ಒಂದೊಂದು ಬ್ಯಾಟರಿಯನ್ನೂ ಅಳೆಯಬೇಕು. ಉಳಿದ ಐದು ೫.೮ ವೋಲ್ಟಿನಲ್ಲಿ ನಿಂತಿರುವಾಗ ಒಂದು ಮಾತ್ರ ೫ಕ್ಕೆ ಕುಸಿದರೆ ಅದೇ ಗಾಡಿಯನ್ನು ನಿಲ್ಲಿಸತಕ್ಕ ಬ್ಯಾಟರಿ. ನೊಗದಲ್ಲಿ ಒಂದು ಎತ್ತು ಸೋತರೆ ಇನ್ನೊಂದರ ಬಲವು ವ್ಯರ್ಥವಾಗುವಂತೆ, ಸಾಲಿನಲ್ಲಿ ಜೋಡಿಸಿದ ಬ್ಯಾಟರಿಗಳಲ್ಲಿ ದುರ್ಬಲವಾದುದೇ ಎಲ್ಲದರ ಮೇರೆಯನ್ನು ಗೊತ್ತುಮಾಡುತ್ತದೆ. ಹಳೆಯ ಐದರ ನಡುವೆ ಹೊಸದೊಂದನ್ನು ಇಟ್ಟರೆ ಹೊಸದೂ ಬೇಗನೆ ಹಳೆಯವುಗಳಂತೆಯೇ ಆಗುವುದು; ಕೆಟ್ಟದ್ದೊಂದೇ ಆಗಿದ್ದರೆ ಅದೇ ವಯಸ್ಸಿನ ಇನ್ನೊಂದನ್ನು ಹುಡುಕಿ ಹಾಕುವುದು ಮಿತವ್ಯಯದ ದಾರಿ.

ಬ್ಯಾಟರಿಯಿಂದ ವಿದ್ಯುತ್ತನ್ನು ಬೇಗ ಎಳೆದಷ್ಟೂ ಒಟ್ಟು ದೊರೆಯುವುದು ಕಡಿಮೆ. ೨೦ ಗಂಟೆಗಳ ಕಾಲ ಮೆಲ್ಲಗೆ ಎಳೆದರೆ ೨೨೫ ಆಂಪಿಯರ್-ಗಂಟೆ ಕೊಡುವ ಬ್ಯಾಟರಿಯು, ಗಾಡಿಯ ಓಟಕ್ಕೆ ಸಮನಾದ ೭೫ ಆಂಪಿಯರಿನಂತೆ ಎಳೆದರೆ ಸುಮಾರು ೧೧೫ ನಿಮಿಷ ಮಾತ್ರ ಬರುತ್ತದೆ. ಎಂದರೆ ಸುಮಾರು ೧೪೪ ಆಂಪಿಯರ್-ಗಂಟೆ. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚನ್ನು ಪದೇ ಪದೇ ಖರ್ಚುಮಾಡಿದರೆ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ ಕಾಡಿಗೆ ಹೋಗುವ ಮುಂಚೆ ಮನೆಯ ಸುತ್ತಲೇ, ಹೊರತಕ್ಕಷ್ಟು ಭಾರವನ್ನು ಹೇರಿ ನಡೆಸಿ, ಅರ್ಧ ಬರಿದಾಗುವುದರೊಳಗೆ ಎಷ್ಟು ದೂರ ಬರುವುದೆಂದು ಗುರುತುಹಾಕಿಕೊಳ್ಳಬೇಕು. ಆ ದೂರದ ಮೂರನೆಯ ಒಂದು ಭಾಗವನ್ನು ಹೋಗುವುದಕ್ಕೂ, ಉಳಿದುದನ್ನು ಭಾರದೊಡನೆ ಹಿಂದಿರುಗುವುದಕ್ಕೂ ಇಟ್ಟುಕೊಂಡವನು ಕಾಡಿನಲ್ಲಿ ನಿಲ್ಲುವುದಿಲ್ಲ.

ಪೋಷಣೆಯ ನಿಯಮಗಳು ಸುಲಭವಾದುವು. ಉಪಯೋಗಿಸಿದ ದಿನವೇ ಚಾರ್ಜು ಮಾಡಬೇಕು. ಬರಿದಾಗಿ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಬ್ಯಾಟರಿಯು ಸಾಯುತ್ತದೆ. ಬಟ್ಟಿಯಿಳಿಸಿದ ನೀರನ್ನಲ್ಲದೆ ಬೇರೆ ನೀರನ್ನು ಹಾಕಕೂಡದು. ಅದನ್ನೂ ಚಾರ್ಜು ಮುಗಿದ ಮೇಲೆಯೇ ಹಾಕಬೇಕು. ಮೊದಲೇ ತುಂಬಿದರೆ ಚಾರ್ಜಾಗುವಾಗ ಆಮ್ಲವು ಉಕ್ಕಿ ಚೌಕಟ್ಟನ್ನು ತಿನ್ನುತ್ತದೆ. ಆದರೆ ಫಲಕಗಳು ನೀರಿನಿಂದ ಹೊರಕ್ಕೆ ಕಾಣುತ್ತಿದ್ದರೆ ಅವು ಮುಳುಗುವಷ್ಟನ್ನು ಮಾತ್ರ ಮೊದಲೇ ಹಾಕಬಹುದು. ಚೆಲ್ಲಿದ ಆಮ್ಲವನ್ನು ಅಡಿಗೆ ಸೋಡಾ ಕರಗಿಸಿದ ನೀರಿನಿಂದ ತೊಳೆಯಬೇಕು. ಚಾರ್ಜು ಮಾಡುವಾಗ ಹೊರಡುವ ಜಲಜನಕವು ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಾದರೂ ಕಿಡಿಗೆ ಸಿಡಿಯುವುದರಿಂದ, ಗಾಳಿಯಾಡುವ ಸ್ಥಳದಲ್ಲಿ, ಬೀಡಿ ದೀಪಗಳಿಂದ ದೂರವಾಗಿ ಈ ಕೆಲಸವನ್ನು ನಡೆಸತಕ್ಕದ್ದು.

ಲಿಥಿಯಮ್ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಗಳು ಹಗುರವಾದುವು, ದೀರ್ಘಾಯುವಾದುವು. ಸೀಸದ ಆರು ಬ್ಯಾಟರಿಗಳು ಒಂದೊಂದು ೨೮ ಕಿಲೋಗ್ರಾಮಿನಂತೆ ೧೬೮ ಕಿಲೋಗ್ರಾಂ ತೂಗುವಲ್ಲಿ, ಇವುಗಳ ತೂಕವು ಅದರ ಮೂರನೆಯ ಒಂದು ಭಾಗದಷ್ಟಿರುತ್ತದೆ. ಆದರೆ ಬೆಲೆಯು ಹೆಚ್ಚು, ಚಾರ್ಜರನ್ನೂ ಬದಲಾಯಿಸಬೇಕಾಗುತ್ತದೆ, ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಇವನ್ನು ಚಾರ್ಜು ಮಾಡಕೂಡದು.

ಚಕ್ರ, ಎತ್ತರ ಮತ್ತು ಎಳೆತ

ಮೈದಾನದ ಗಾಡಿಯ ಚಕ್ರವು ೧೮ ಅಂಗುಲ ಎತ್ತರವಾಗಿಯೂ ನುಣುಪಾಗಿಯೂ ಇರುವುದರಿಂದ ಕೆಸರಿನಲ್ಲಿ ಜಾರುತ್ತದೆ. ಗಾಡಿಯನ್ನು ೬ ಅಂಗುಲ ಎತ್ತರಿಸಿ ೨೨ ಅಂಗುಲದ ಚಕ್ರಗಳನ್ನು ಹಾಕುವುದು ಅಲ್ಲಿ ರೂಢಿ. ಇದರಿಂದ ಬಂಡೆ ಬೊಡ್ಡೆಗಳು ತಳಕ್ಕೆ ತಾಗುವುದಿಲ್ಲವೆಂಬುದು ನಿಜ. ಆದರೆ ಚಕ್ರವು ೧೮ರಿಂದ ೨೨ ಅಂಗುಲವಾದರೆ, ಮೋಟಾರಿನ ಅದೇ ಬಲಕ್ಕೆ ನೆಲದ ಮೇಲಿನ ಎಳೆತವು ನೂರಕ್ಕೆ ೧೮ರಷ್ಟು ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ತಂತಿಗಳು ಕಾಯುತ್ತವೆ, ನಡೆಯುವ ದೂರವು ತಗ್ಗುತ್ತದೆ. ಎತ್ತರಿಸಿದ ಗಾಡಿಯು ಓರೆನೆಲದಲ್ಲಿ ಮಗುಚಿಕೊಳ್ಳುವ ಅಪಾಯವೂ ಹೆಚ್ಚು.

ಅಲ್ಪ ಹಣವುಳ್ಳವನಿಗೆ ಇದಕ್ಕಿಂತ ಮೇಲಾದ ಮಾರ್ಗವುಂಟು. ೧೮ ಅಂಗುಲದ ಎತ್ತರದಲ್ಲಿಯೇ ಅಗಲವಾದ, ಗುಬುಟುಗಳುಳ್ಳ ಟೈರುಗಳು ದೊರೆಯುತ್ತವೆ. ಬಹುಮಟ್ಟಿಗೆ ಗಾಡಿಯನ್ನು ಎತ್ತರಿಸದೆಯೇ ಇವನ್ನು ಹಾಕಬಹುದು, ಎಳೆತವೂ ಕುಗ್ಗುವುದಿಲ್ಲ. ಕಾಡುದಾರಿಯ ಬೊಡ್ಡೆಗಳನ್ನು ಬೇಟೆಯ ಕಾಲಕ್ಕೆ ಮುಂಚೆಯೇ ಕಡಿದು ಸಮಮಾಡಿಕೊಳ್ಳುವುದು ಗಾಡಿಯನ್ನು ಎತ್ತರಿಸುವುದಕ್ಕಿಂತ ಅಗ್ಗವಾದ ಕೆಲಸ.

ತಂತಿ, ನಿಯಂತ್ರಕ ಮತ್ತು ಬ್ರೇಕು

ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ೬ನೆಯ ಗೇಜಿನ ತಂತಿಗಳಿರುತ್ತವೆ. ಅವನ್ನು ೪ ಅಥವಾ ೨ನೆಯ ಗೇಜಿಗೆ ಬದಲಾಯಿಸುವುದರಿಂದ ಸ್ವಲ್ಪ ಖರ್ಚಿನಲ್ಲಿ ಬಹಳ ಪ್ರಯೋಜನವಾಗುತ್ತದೆ. ಗೇಜಿನ ಅಂಕಿ ಇಳಿದಷ್ಟೂ ತಂತಿಯು ದಪ್ಪವೆಂದು ತಿಳಿಯತಕ್ಕದ್ದು. ಓಡಿಸಿದ ಕೂಡಲೆ ಗಾಡಿಯನ್ನು ನಿಲ್ಲಿಸಿ ಕೈಯನ್ನು ಹತ್ತಿರ ತಂದರೆ, ಯಾವ ಜೋಡಣೆಯು ಕಾದಿರುವುದೋ ಅಲ್ಲಿ ತುಕ್ಕು ಅಥವಾ ಸಡಿಲವಿರುತ್ತದೆ. ಹೆಚ್ಚಿನ ಆಂಪಿಯರಿನ ನಿಯಂತ್ರಕವನ್ನು ಚಕ್ರಗಳನ್ನು ದೊಡ್ಡದು ಮಾಡಿದವನು ಮಾತ್ರ ಕೊಳ್ಳಬೇಕಾಗುವುದು. ಆಗ ಸಾಲನೆ ಸ್ವಿಚ್ಚನ್ನೂ ತಂತಿಗಳನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಬೇಕು. ಹೀಗೆ ಚಕ್ರದ ಒಂದು ಆಸೆಯು ಮೂರು ಖರ್ಚುಗಳನ್ನು ಎಳೆದುತರುತ್ತದೆ.

ತಂತಿಯ ಕೆಲಸಕ್ಕೆ ಮುಂಚೆ ಬೀಗದ ಕೈಯನ್ನು ತೆಗೆದು, ಗಾಡಿಯನ್ನು ಎಳೆದೊಯ್ಯುವುದಕ್ಕಾಗಿ ಇಟ್ಟಿರುವ ಸ್ವಿಚ್ಚಿದ್ದರೆ ಅದನ್ನು ಆ ಕಡೆಗೆ ತಿರುಗಿಸಿ, ಬ್ಯಾಟರಿ ಸಾಲಿನ ಋಣ ಕೊನೆಯ ತಂತಿಯನ್ನು ಬಿಚ್ಚಬೇಕು. ಉಂಗುರ ಗಡಿಯಾರಗಳನ್ನು ಕಳಚಿಡಬೇಕು; ಸ್ಪ್ಯಾನರಿನ ಹಿಡಿಗೆ ರಬ್ಬರು ಸುತ್ತಿರಬೇಕು. ಎರಡು ಕಂಬಗಳ ನಡುವೆ ಸ್ಪ್ಯಾನರು ಬಿದ್ದರೆ ಲೋಹವು ಕರಗುವಷ್ಟು ವಿದ್ಯುತ್ತು ಹರಿಯುತ್ತದೆ.

ಬಹುತೇಕ ಹಳೆಯ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬ್ರೇಕಿರುತ್ತದೆ. ಹುಲ್ಲುಮೈದಾನದಲ್ಲಿ ಇದು ಸಾಕಾದರೂ, ಇಬ್ಬರು ಮನುಷ್ಯರನ್ನೂ ಒಂದು ಜಿಂಕೆಯನ್ನೂ ಹೊತ್ತು ಒದ್ದೆಯಾದ ಇಳಿಜಾರಿನಲ್ಲಿ ಬರುವಾಗ ಸಾಲದೆ ಹೋಗಬಹುದು. ಆದಕಾರಣ ಹೊಸ ಬ್ರೇಕು ಪಟ್ಟಿಗಳನ್ನು ಹಾಕಿಸಿ, ತುಕ್ಕುಹಿಡಿದ ಎಳೆತಂತಿಗಳನ್ನು ಬದಲಾಯಿಸುವುದು ಯಾವ ಅಲಂಕಾರಕ್ಕಿಂತಲೂ ಮುಂಚೆ ನಡೆಯಬೇಕಾದ ಕೆಲಸ.

ಬೇಟೆಗೆ ಬೇಕಾದ ಸಲಕರಣೆಗಳು

ಹಿಂದೆ ಗಾಲ್ಫ್ ಚೀಲಗಳನ್ನಿಡುವ ಸ್ಥಳದಲ್ಲಿ ಹಲಗೆಯಿಂದಾಗಲಿ ಹಳೆಯ ಕಬ್ಬಿಣದ ಪಟ್ಟಿಗಳಿಂದಾಗಲಿ ಒಂದು ಪೆಟ್ಟಿಗೆಯನ್ನು ಮಾಡಿಸಬಹುದು. ಭಾರವು ಹಿಂದಿನ ಅಚ್ಚಿನ ಮೇಲೆಯೇ ಬೀಳುವಂತೆ ನೋಡಿಕೊಳ್ಳಬೇಕು. ಅಚ್ಚಿನಿಂದ ಹೊರಚಾಚಿದರೆ ಏರಿನಲ್ಲಿ ಮುಂಭಾಗವು ಹಗುರವಾಗಿ ಚುಕ್ಕಾಣಿಯು ಹಿಡಿತಕ್ಕೆ ಬಾರದು.

ದೀಪಗಳಿಗೆ ೧೨ ವೋಲ್ಟು ಬೇಕಾಗುವುದರಿಂದ ಅನೇಕರು ಎರಡು ೬ ವೋಲ್ಟಿನ ಬ್ಯಾಟರಿಗಳಿಂದ ಮಾತ್ರ ತಂತಿಯನ್ನು ಎಳೆದುಕೊಳ್ಳುತ್ತಾರೆ. ಇದು ತಪ್ಪು, ಆ ಎರಡು ಉಳಿದವುಗಳಿಗಿಂತ ಮುಂಚೆ ಸವೆದು ಇಡೀ ಸಾಲನ್ನು ಕೆಡಿಸುತ್ತವೆ. ಪೂರ್ಣ ಸಾಲಿನಿಂದ ೧೨ ವೋಲ್ಟಿಗೆ ಇಳಿಸುವ ಸಣ್ಣ ಉಪಕರಣವೊಂದನ್ನು ಫ್ಯೂಸಿನೊಡನೆ ಹಾಕುವುದೇ ಸರಿಯಾದ ಕ್ರಮ.

ಬಣ್ಣವು ಕೊನೆಯ ಕೆಲಸ. ಹೊಳಪಿಲ್ಲದ ಹಸುರು ಅಥವಾ ಮಣ್ಣುಬಣ್ಣದ ಒಂದು ಡಬ್ಬಿಯು ಸಾಕು. ಜಿಂಕೆಯ ಕಣ್ಣು ನೀಲಿಯನ್ನು ಚೆನ್ನಾಗಿಯೂ, ಕೆಂಪು ಕಿತ್ತಳೆಗಳನ್ನು ಬಹಳ ಮಂಕಾಗಿಯೂ ಕಾಣುತ್ತದೆ. ಆದ್ದರಿಂದ ನೀಲಿ ಹೊದಿಕೆಗಳನ್ನು ಬಿಡಬೇಕು. ಬಣ್ಣಕ್ಕಿಂತ ಸದ್ದೇ ಹೆಚ್ಚು ಕೆಡುಕು. ಸ್ಪ್ರಿಂಗು ಪಟ್ಟಿಗಳ ಕಿರುಗುಟ್ಟುವಿಕೆಗೆ ಎಣ್ಣೆಯನ್ನೂ, ಅಲುಗುವ ತಗಡುಗಳಿಗೆ ರಬ್ಬರಿನ ತುಂಡುಗಳನ್ನೂ ಇಟ್ಟರೆ ಕಾಸಿನ ಖರ್ಚಿಲ್ಲದೆ ಗಾಡಿಯು ನಿಶ್ಶಬ್ದವಾಗುತ್ತದೆ.

ಗಾಡಿಯಲ್ಲಿ ಬಂದೂಕನ್ನು ಯಾವಾಗಲೂ ಗುಂಡು ತೆಗೆದು, ಬಿಗಿಯಾದ ಹಿಡಿಕೆಯಲ್ಲಿ ಇಡತಕ್ಕದ್ದು. ಚಲಿಸುವ ವಾಹನದಿಂದ ಗುಂಡು ಹಾರಿಸುವುದನ್ನು ಅಮೆರಿಕಾದ ಅನೇಕ ಸೀಮೆಗಳು ನಿಷೇಧಿಸಿವೆ. ನಿಯಮಗಳು ಸೀಮೆಯಿಂದ ಸೀಮೆಗೆ ಬೇರೆಯಾಗಿರುತ್ತವೆ. ಜಾರ್ಜಿಯಾದಲ್ಲಿ ಬಂದೂಕಿನಿಂದ ಜಿಂಕೆಯನ್ನು ಬೇಟೆಯಾಡುವವನು ಸೊಂಟದಿಂದ ಮೇಲೆ ೫೦೦ ಚದರಂಗುಲಕ್ಕೆ ಕಡಿಮೆಯಿಲ್ಲದಷ್ಟು ಹೊಳೆಯುವ ಕಿತ್ತಳೆ ಬಣ್ಣದ ಉಡುಪನ್ನು ಧರಿಸಬೇಕು. ಜಿಂಕೆಗೆ ಮಂಕಾಗಿ ಕಾಣುವ ಈ ಬಣ್ಣವು ಇತರ ಬೇಟೆಗಾರರಿಗೆ ದೂರದಿಂದಲೇ ಕಾಣುವುದರಿಂದ ಪ್ರಾಣಗಳು ಉಳಿಯುತ್ತವೆ.

ಕರ್ನಾಟಕದ ಹಿಡುವಳಿದಾರರಿಗೆ ಇದರ ಪ್ರಯೋಜನ

ಇಂಡಿಯಾ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಬೇಟೆಯು ಅಪರಾಧವಾಗಿರುತ್ತದೆ. ಅಮೆರಿಕಾದ ಹಂದಿಯು ಹೊರಗಿನಿಂದ ಬಂದ ಪ್ರಾಣಿ. ಇಲ್ಲಿನ ಕಾಡುಹಂದಿಯಾದರೋ ಈ ನಾಡಿನದೇ ಆಗಿ ಕಾನೂನಿನ ರಕ್ಷಣೆಗೆ ಒಳಪಟ್ಟಿದೆ. ಪೈರಿಗೆ ಹಾನಿಯಾದರೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರವನ್ನು ಕೋರುವುದೇ ಮಾರ್ಗವಲ್ಲದೆ, ಗಾಡಿಯನ್ನೂ ಬಂದೂಕನ್ನೂ ಕೊಂಡೊಯ್ಯುವುದಲ್ಲ. ಗ್ರಾಮದ ಮುಖ್ಯಸ್ಥರು ಇದನ್ನು ಎಲ್ಲರಿಗೂ ತಿಳಿಯಹೇಳುವುದು ಯುಕ್ತ.

ಆದರೆ ಗಾಡಿಯ ವಿದ್ಯೆಗೆ ನಿಷೇಧವಿಲ್ಲ. ಹೋಟೆಲು, ವಿದ್ಯಾಸಂಸ್ಥೆ, ಆಟದ ಮೈದಾನಗಳಲ್ಲಿ ಉಪಯೋಗಿಸಿದ ವಿದ್ಯುತ್ ಗಾಡಿಯು ದೊರೆತರೆ, ತೆಂಗು, ಅಡಕೆ, ಕಾಫಿ ತೋಟಗಳ ಒಳದಾರಿಗಳಲ್ಲಿ ಗೊಬ್ಬರ, ಗೊನೆ, ಬೀಜದ ಚೀಲಗಳನ್ನು ಸಾಗಿಸುವುದಕ್ಕೂ ರಾತ್ರಿ ಕಾವಲು ತಿರುಗುವುದಕ್ಕೂ ಮೇಲ್ಕಂಡ ಕ್ರಮದಲ್ಲಿಯೇ ಅದನ್ನು ಅಳವಡಿಸಿಕೊಳ್ಳಬಹುದು. ಈ ಯಂತ್ರವು ಈ ನಾಡಿಗೆ ಅಪರಿಚಿತವಲ್ಲ. ೨೦೦೧ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಎಂಬ ವಿದ್ಯುತ್ ಕಾರು ೬ ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿಂದಲೇ ಓಡುತ್ತಿತ್ತು. ಸಾರ್ವಜನಿಕ ರಸ್ತೆಗೆ ವಾಹನ ನೋಂದಣಿಯ ನಿಯಮಗಳು ಅನ್ವಯಿಸುವುದರಿಂದ ಮಾರ್ಪಡಿಸಿದ ಗಾಡಿಯನ್ನು ಸ್ವಂತ ಜಮೀನಿನ ಒಳಗೇ ನಡೆಸತಕ್ಕದ್ದು. ಗಾಡಿಯನ್ನು ಕೊಳ್ಳದವರಿಗೂ, ಸೌರಬೇಲಿಗೆ ಅಥವಾ ಮನೆಯ ದೀಪಕ್ಕೆ ಸೀಸದ ಬ್ಯಾಟರಿಯನ್ನಿಟ್ಟುಕೊಂಡಿದ್ದರೆ, ಮೇಲೆ ಹೇಳಿದ ಅಳತೆಗಳೂ ನೀರಿನ ನಿಯಮಗಳೂ ಉಪಯೋಗಕ್ಕೆ ಬರುತ್ತವೆ. ೧೨ ವೋಲ್ಟಿನ ಬ್ಯಾಟರಿಗೆ ಅಂಕಿಗಳನ್ನು ಇಮ್ಮಡಿಸಿಕೊಂಡರಾಯಿತು.

ಸಾರಾಂಶ

೧. ಚೌಕಟ್ಟು ಕೊಳೆತ ಗಾಡಿಯನ್ನು ಕೊಳ್ಳಬೇಡಿರಿ.
೨. ಸತ್ತ ಬ್ಯಾಟರಿಗಳ ಬೆಲೆಯನ್ನು ಗಾಡಿಯ ಬೆಲೆಗೆ ಸೇರಿಸಿ ಎಣಿಸಿರಿ.
೩. ಹಣವನ್ನು ಬ್ಯಾಟರಿ, ಬ್ರೇಕು, ತಂತಿ, ಟೈರು, ಪೆಟ್ಟಿಗೆ, ದೀಪ, ಬಣ್ಣ ಎಂಬ ಈ ಕ್ರಮದಲ್ಲಿಯೇ ವೆಚ್ಚಮಾಡಿರಿ.
೪. ಚಕ್ರವನ್ನು ದೊಡ್ಡದು ಮಾಡಿದರೆ ಎಳೆತವೂ ನಡೆಯುವ ದೂರವೂ ತಗ್ಗುವುದೆಂಬುದನ್ನು ಮರೆಯಬೇಡಿರಿ.
೫. ಅರ್ಧಕ್ಕಿಂತ ಹೆಚ್ಚು ಬರಿದುಮಾಡದೆ, ಅದೇ ದಿನ ಚಾರ್ಜು ಮಾಡಿ, ಬಟ್ಟಿಯಿಳಿಸಿದ ನೀರನ್ನೇ ಹಾಕಿರಿ.
೬. ಮನೆಯ ಬಳಿಯಲ್ಲಿ ಭಾರ ಹೇರಿ ಪರೀಕ್ಷಿಸದ ಗಾಡಿಯನ್ನು ದೂರಕ್ಕೆ ಒಯ್ಯಬೇಡಿರಿ.